ಹೋಲ್ಡಾನಣ್ಣನ ಬೆಳಗಿನ ಟ್ರಿಪ್ಪು

ಇಪ್ಪತ್ತಾರು ವರ್ಷ ನಾನು ಅವನನ್ನು ನನ್ನ ಬೆನ್ನ ಹಿಂದಿನ ಸದ್ದಾಗಿ ಮಾತ್ರ ಬಲ್ಲೆ. ನಾನು ಬಸ್ಸಿನ ಡ್ರೈವರು, ಅವನು ಕಂಡಕ್ಟರು. ನನ್ನ ಮುಖ ರಸ್ತೆಯ ಕಡೆ, ಅವನ ಮುಖ ಜನರ ಕಡೆ. ಒಂದು ವಿಷಲ್ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ದಾರಿಯುದ್ದಕ್ಕೂ ಇಷ್ಟೇ ಮಾತು. ಇಷ್ಟು ಕಡಿಮೆ ಮಾತಿನಲ್ಲಿ ಅಷ್ಟು ವರ್ಷ ಜಗಳವಿಲ್ಲದೆ ನಡೆದ ಸಂಸಾರವನ್ನು ನಾನು ಬೇರೆಲ್ಲೂ ಕಂಡಿಲ್ಲ, ನನ್ನ ಮನೆಯಲ್ಲಂತೂ ಇಲ್ಲವೇ ಇಲ್ಲ.

ಅವನ ವಿಷಲ್ಲಿನ ಪ್ರತಾಪ ಸಾಮಾನ್ಯದ್ದಲ್ಲ. ಅವನು ಒಂದು ಊದಿದರೆ ಮೂರು ಬೀದಿಯಾಚೆ ಕ್ಷೌರದಂಗಡಿಯವನ ಕತ್ತರಿ ನಿಂತುಬಿಡುತ್ತಿತ್ತು. ಎರಡು ಊದುವ ತನಕ ಗಿರಾಕಿ ಅರ್ಧ ಮೀಸೆಯಲ್ಲೇ ಕಾಯಬೇಕು. ನೀವು ನಂಬದಿದ್ದರೆ ಕ್ಷೌರದಂಗಡಿಯವನನ್ನು ಕೇಳಿ. ಅವನೂ ನಂಬುವುದಿಲ್ಲ, ಆ ಮಾತು ಬೇರೆ.

ಎಲ್ಲರೂ ಅವನನ್ನು ಹೋಲ್ಡಾನಣ್ಣ ಎನ್ನುತ್ತಿದ್ದರು. ನಾನು ಬರೀ ಹೋಲ್ಡಾನ್ ಎನ್ನುತ್ತೇನೆ. ನನಗಿಂತ ಆರು ತಿಂಗಳು ದೊಡ್ಡವನು ನಿಜ, ಆದರೆ ಆರು ತಿಂಗಳಿಗೆಲ್ಲ ಅಣ್ಣ ಅನ್ನುವಷ್ಟು ಧಾರಾಳಿ ನಾನಲ್ಲ. ಆ ಹೆಸರು ಬಂದದ್ದು ಹೀಗೆ. ವಯಸ್ಸಾದವರು ಬಸ್ಸು ಹತ್ತುವಾಗ ಅವರ ಎರಡನೇ ಕಾಲು ಒಳಗೆ ಬಂದು, ಅವರು ಸೀಟಿನಲ್ಲಿ ಕೂತು, ಕೈಚೀಲ ತೊಡೆಯ ಮೇಲೆ ಇಟ್ಟುಕೊಳ್ಳುವ ತನಕ ಅವನು ರೈಟ್, ಅಂದರೆ ಎರಡು ವಿಷಲ್, ಕೊಡುತ್ತಿರಲಿಲ್ಲ. ಹಿಂದಿನ ಗಾಡಿಗಳು ಹಾರ್ನಿನಲ್ಲೇ ನಮ್ಮ ವಂಶವನ್ನೆಲ್ಲ ಬೈಯುತ್ತಿದ್ದವು. ಇವನು ಮಾತ್ರ, "ಹೋಲ್ಡಾನ್, ಎರಡನೇ ಕಾಲು ಇನ್ನೂ ಕೆಳಗಿದೆ" ಎಂದು ಕೂಗುತ್ತಿದ್ದ. ಹೀಗಾಗಿ ನಮ್ಮ ಬಸ್ಸು ಯಾವತ್ತೂ ಲೇಟು. ನನಗೆ ಬಂದ ಮೆಮೊಗಳನ್ನು ಒಂದರ ಮೇಲೊಂದು ಜೋಡಿಸಿದ್ದರೆ ಡಿಪೋದ ತಾರಸಿಗೆ ಮೆಟ್ಟಿಲಾಗುತ್ತಿತ್ತು. ಅವೆಲ್ಲಕ್ಕೂ ಉತ್ತರ ಬರೆಯುತ್ತಿದ್ದವನು ಅವನೇ, ಉತ್ತರವೂ ಒಂದೇ: 'ಹತ್ತು ನಿಮಿಷ ಲೇಟು. ಕಾರಣ, ವಯಸ್ಸಾದವರೊಬ್ಬರು ಹತ್ತುತ್ತಿದ್ದರು.' ಮೇಲಿನವರು ಓದಿ ಓದಿ ಸುಸ್ತಾಗಿ ಕೊನೆಗೆ ಮೆಮೊ ಕಳಿಸುವುದನ್ನೇ ಬಿಟ್ಟರು.

ರಿಟೈರಾದ ಮೇಲೆ ನಾವಿಬ್ಬರೂ ಒಂದೇ ಬೀದಿಯವರಾದೆವು. ನನ್ನ ಮನೆಗೂ ಅವನ ಮನೆಗೂ ನಡುವೆ ಒಂದು ಇಸ್ತ್ರಿ ಅಂಗಡಿ ಮಾತ್ರ. ಆಗಲೇ ಅವನ ಮುಖವನ್ನು ನಾನು ಸರಿಯಾಗಿ ನೋಡಿದ್ದು. ಪರವಾಗಿಲ್ಲ ಅನ್ನುವಂಥ ಮುಖ.

ಮೊದಲು ಕನ್ನಡಕ ಮರೆತ, ಆಮೇಲೆ ಕನ್ನಡಕ ಯಾಕೆ ಹುಡುಕುತ್ತಿದ್ದೇನೆಂದು ಮರೆತ. ಅಷ್ಟರ ತನಕ ನಾನೂ ಅವನಿಗೆ ಸರಿಸಮ. ಆಮೇಲೆ ಅವನು ನನ್ನನ್ನು ಹಿಂದೆ ಹಾಕಿದ. ಡಾಕ್ಟರು ಡಿಮೆನ್ಷಿಯಾ ಎಂದರು. ದಿನದ ಉಳಿದ ಹೊತ್ತೆಲ್ಲ ಹೇಗೋ ನಡೆಯುತ್ತಿತ್ತು, ಬೆಳಗಿನ ಹೊತ್ತು ಮಾತ್ರ ಕಷ್ಟ. ಮೈತುಂಬ ಸೋಪು ಹಚ್ಚಿಕೊಂಡು ಹಾಲ್‌ಗೆ ಬಂದು ನಿಲ್ಲುವುದು, ಶರ್ಟಿನ ಮೇಲೆ ಶರ್ಟು, ಅದರ ಮೇಲೆ ಇನ್ನೊಂದು ಶರ್ಟು. ಒಂದು ದಿನ ಅತ್ತಿಗೆ, ಅಂದರೆ ಅವನ ಹೆಂಡತಿ, ಬಿಚ್ಚುತ್ತಾ ಹೋದರೆ ಈರುಳ್ಳಿ ಸುಲಿದ ಹಾಗೆ ಮುಗಿಯಲೇ ಇಲ್ಲವಂತೆ. ಹಾಸಿಗೆಯಿಂದ ಊಟದ ಮೇಜಿನ ತನಕ ಪ್ರತಿ ಹೆಜ್ಜೆಗೂ ಅತ್ತಿಗೆ ಕೈ ಹಿಡಿದೇ ನಡೆಸಬೇಕಿತ್ತು.

ಹಾಗೆ ನಡೆಸಿ ನಡೆಸಿ ಅತ್ತಿಗೆಯ ಮಂಡಿ ಕೈಕೊಟ್ಟಿತು. ಆಪರೇಷನ್ ಆಗಲೇಬೇಕು, ಆರು ವಾರದ ನಂತರ ಒಂದು ಗುರುವಾರ, ಆಸ್ಪತ್ರೆಯಲ್ಲಿ ಹತ್ತು ದಿನ ಎಂದು ತೀರ್ಮಾನವಾಯಿತು. ಮಗಳು ಅದೇ ಊರಿನಲ್ಲಿದ್ದಳು. ಸ್ಕೂಲಿನ ಆಫೀಸಿನಲ್ಲಿ ಕೆಲಸ, ಬೆಳಗ್ಗೆ ಏಳೂವರೆಗೆ ಅಲ್ಲಿರಬೇಕು. ಅವಳು ಅಪ್ಪನಿಗಾಗಿ ವೃದ್ಧರನ್ನು ನೋಡಿಕೊಳ್ಳುವ ಒಂದು ಹೋಮಿನಲ್ಲಿ ಹತ್ತು ದಿನಕ್ಕೆ ಹಾಸಿಗೆ ಗೊತ್ತುಮಾಡಿ ಬಂದಳು. ಅತ್ತಿಗೆ ಆ ಕ್ಷಣವೇ, ಹಾಗಾದರೆ ಆಪರೇಷನ್ನೇ ಬೇಡ ಎಂದು ಕೂತರು.

"ಹತ್ತು ದಿನಕ್ಕೆ ಅಂತ ಹೋದೋರು ಆಮೇಲೆ ಮನೆ ಗುರುತು ಹಿಡಿಯಲ್ಲ ಕಣೆ. ಈ ಬಾಗಿಲು ಇನ್ನೂ ಇವರಿಗೆ ನೆನಪಿದೆ. ಅದನ್ನ ಕಳೀಬೇಡ" ಎಂದರು.

ತಾಯಿ ಮಗಳು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ರಾಜಿಯಾಯಿತು. ಆರು ವಾರದೊಳಗೆ ಅಪ್ಪ ಬೆಳಗ್ಗೆ ತಾನೇ ಎದ್ದು, ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು, ಮೇಜಿಗೆ ಬಂದು ಮಾತ್ರೆ ನುಂಗಿ ಕೂತರೆ ಮನೆಯಲ್ಲೇ ಇರಲಿ. ಹಗಲಿಡೀ ಜೊತೆಗೆ ಡ್ರೈವರ್ ಮಾಮ ಇರುತ್ತಾರೆ, ಆದರೆ ಈ ವಯಸ್ಸಿನಲ್ಲಿ ಕೈ ಹಿಡಿದು ಸ್ನಾನ ಮಾಡಿಸುವುದು ಅವರಿಂದಾಗದು. ಸಂಜೆಯಿಂದ ಅವಳೇ. ಆಗದಿದ್ದರೆ ಹೋಮು. ಡ್ರೈವರ್ ಮಾಮ ಅಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬೇಡ ಅನ್ನಲಿಲ್ಲ.

ಆಗ ಆಸ್ಪತ್ರೆಯಿಂದ ಬಂದವಳು ಆಕ್ಯುಪೇಷನಲ್ ಥೆರಪಿಸ್ಟ್ ಹುಡುಗಿ, ಅಂದರೆ ದಿನನಿತ್ಯದ ಕೆಲಸಗಳನ್ನು ರೋಗಿ ತಾನೇ ಮಾಡಿಕೊಳ್ಳುವಂತೆ ರೂಢಿ ಮಾಡಿಸುವವಳು. ಮೊದಲ ದಿನ ಚಿತ್ರದ ಕಾರ್ಡುಗಳನ್ನು ಹರಡಿ, ಇದೇನು, ಅದೇನು, ಇವತ್ತು ಯಾವ ವಾರ ಎಂದು ಕೇಳತೊಡಗಿದಳು. ಹೋಲ್ಡಾನ್ ಸ್ವಲ್ಪ ಹೊತ್ತು ಸಹಿಸಿಕೊಂಡ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, "ಕೇಳೋದು ನನ್ನ ಕೆಲಸ. ನೀವು ಎಲ್ಲಿಗೆ ಹೋಗ್ಬೇಕು, ಅದನ್ನ ಹೇಳಿ" ಎಂದ.

ಹುಡುಗಿ ನಕ್ಕು ಕಾರ್ಡುಗಳನ್ನು ಚೀಲಕ್ಕೆ ಹಾಕಿದಳು. ಅವು ಮತ್ತೆ ಹೊರಗೆ ಬರಲಿಲ್ಲ. ಈಕೆ ಕೆಲಸಕ್ಕೆ ಬರುತ್ತಾಳೆ ಎಂದು ನಾನು ಆಗಲೇ ತೀರ್ಮಾನಿಸಿದೆ.

ಕಾಯಿಲೆಯನ್ನು ಹಿಂದಕ್ಕೆ ಓಡಿಸುವುದು ತನ್ನಿಂದ ಆಗದ ಮಾತು ಎಂದು ಆಕೆ ಮೊದಲೇ ಹೇಳಿದಳು. ತಲೆಯಿಂದ ಹೋದದ್ದನ್ನು ಅಗೆದು ತೆಗೆಯುವುದಿಲ್ಲ, ಕೈಕಾಲಿನಲ್ಲಿ ಇನ್ನೂ ಉಳಿದಿರುವುದನ್ನು ಹುಡುಕಿ ಅದರಿಂದ ದಿನ ನಡೆಸುವುದು, ಅಷ್ಟೇ. ಮರುದಿನ ಬೆಳಗ್ಗೆ ಆರಕ್ಕೇ ಬಂದು, ನೋಟ್‌ಬುಕ್ ಹಿಡಿದು ಹಾಲ್‌ನಲ್ಲಿ ಕೂತಳು. ಅವನ ಸ್ನಾನವೊಂದನ್ನೇ ಮೂವತ್ತೊಂದು ಹೆಜ್ಜೆಯಾಗಿ ಬಿಡಿಸಿ ಬರೆದಿದ್ದಳು. ಎಪ್ಪತ್ತು ವರ್ಷದಿಂದ ನಾನೂ ಸ್ನಾನ ಮಾಡುತ್ತಿದ್ದೇನೆ, ಅದರಲ್ಲಿ ಇಷ್ಟೊಂದು ಕೆಲಸ ಇದೆ ಎಂದು ಗೊತ್ತಿದ್ದರೆ ಶುರುವೇ ಮಾಡುತ್ತಿರಲಿಲ್ಲ.

ಬರೆದದ್ದನ್ನೆಲ್ಲ ಓದಿ ಆಕೆ ಹೇಳಿದಳು: "ಇವರು ಕೆಲಸ ಮರೆತಿಲ್ಲ. ಸೋಪು ಕೈಗೆ ಬಂದ್ರೆ ಚೆನ್ನಾಗೇ ಹಚ್ಕೋತಾರೆ. ಒಂದು ಮುಗಿದ ಮೇಲೆ ಮುಂದಿನದಕ್ಕೆ ಹೊರಡೋದು ಮರ್ತಿದ್ದಾರೆ."

"ರೈಟ್ ಕೊಡೋರಿಲ್ಲ ಅನ್ನಮ್ಮ" ಎಂದೆ ನಾನು, ಸುಮ್ಮನೆ ಬಾಯಿಗೆ ಬಂದದ್ದನ್ನು.

ಆಕೆ ತಲೆಯೆತ್ತಿ ನನ್ನನ್ನೇ ನೋಡಿದಳು. ಆಮೇಲೆ ಎರಡು ಗಂಟೆ ಹೊತ್ತು ನನ್ನಿಂದ ಬಸ್ಸಿನ ಪುರಾಣ ಹೇಳಿಸಿಕೊಂಡಳು. ಆ ಪುರಾಣವನ್ನು ಯಾರಾದರೂ ಕೇಳಿ ಹನ್ನೊಂದು ವರ್ಷವಾಗಿತ್ತು. ನಾನೂ ಕೈ ಬಿಗಿಹಿಡಿಯಲಿಲ್ಲ, ಧಾರಾಳವಾಗಿ ಸೇರಿಸಿ ಸೇರಿಸಿ ಹೇಳಿದೆ.

ಮರುವಾರ ಆ ಮನೆ ಒಂದು ಬಸ್ ರೂಟ್ ಆಯಿತು. ಮಂಚ, ಟಾಯ್ಲೆಟ್ಟು, ವಾಷ್‌ಬೇಸಿನ್ನು, ಬಚ್ಚಲು, ಟವೆಲ್ಲು, ಶರ್ಟು, ಕನ್ನಡಿ, ಊಟದ ಮೇಜು: ಒಟ್ಟು ಎಂಟು ಸ್ಟಾಪು. ಪ್ರತಿ ಸ್ಟಾಪಿನಲ್ಲೂ ಅವನ ಕಣ್ಣಿನ ಮಟ್ಟಕ್ಕೆ ಒಂದು ಹಳದಿ ಫಲಕ, ಅದರ ಮೇಲೆ ದಪ್ಪಕ್ಷರ, ಪಕ್ಕದಲ್ಲಿ ಚಿತ್ರ. ಆಯಾ ಸ್ಟಾಪಿನಲ್ಲಿ ಬೇಕಾದ ವಸ್ತು ಮಾತ್ರ, ಮಿಕ್ಕದ್ದೆಲ್ಲ ಕಪಾಟಿನೊಳಗೆ. ಬಿಳೀ ಬಚ್ಚಲಲ್ಲಿ ಬಿಳೀ ಮಗ್ಗು ಅವನ ಕಣ್ಣಿಗೆ ಬೀಳುವುದಿಲ್ಲವೆಂದು ಕೆಂಪು ಮಗ್ಗು ಬಂತು. ಗ್ಯಾಸ್ ಒಲೆಗೆ ಈ ರೂಟಿನಲ್ಲಿ ಸ್ಟಾಪೇ ಇಲ್ಲ. ಅಡುಗೆಮನೆ ಬಾಗಿಲಿಗೆ ಗೋಡೆಯ ಬಣ್ಣದ್ದೇ ಪರದೆ ಬಿತ್ತು, ಅವನ ಮಟ್ಟಿಗೆ ಅಡುಗೆಮನೆ ಮಾಯ. ಟ್ರಂಕಿನ ತಳದಿಂದ ಹಳೇ ವಿಷಲ್ ಹೊರಗೆ ಬಂತು. ಕೊರಳಿಗೆ ಹಾಕಿದ ಕೂಡಲೇ ಅವನ ಭುಜ ಎರಡು ಇಂಚು ಮೇಲೆದ್ದಿತು. ನಾನು ಅಳತೆ ಮಾಡಿಲ್ಲ, ಮಾಡಿದ್ದರೆ ಮೂರು ಇರುತ್ತಿತ್ತು.

ಒಂದು ಕೆಲಸ ಮುಗಿದರೆ ಎರಡು ವಿಷಲ್, ಮುಂದಿನ ಫಲಕ ಬಂದರೆ ಒಂದು ವಿಷಲ್. ಇದನ್ನು ಅವನಿಗೆ ಯಾರೂ ಕಲಿಸಬೇಕಾಗಲಿಲ್ಲ. ಕಲಿಸಬೇಕಾದದ್ದು ನಮಗೆ. 'ಸ್ನಾನ ಆಯ್ತಾ?' 'ಮಾತ್ರೆ ಎಲ್ಲಿಟ್ರಿ?' ಅನ್ನುವಂಥ ಪ್ರಶ್ನೆಗಳಿಗೆ ಮನೆಯಲ್ಲಿ ನಿಷೇಧ. ಅವನು ದಾರಿ ತಪ್ಪಿದ ಮೇಲೆ ತಿದ್ದುವುದಲ್ಲ, ತಪ್ಪುವ ಮೊದಲೇ ದಾರಿ ತೋರಿಸಬೇಕು.

"ತಪ್ಪು ಮಾಡಿ ಕಲಿಯೋದು ನಮ್ಮಂಥೋರಿಗೆ, ಮಾಮ. ತಪ್ಪಿತ್ತು ಅನ್ನೋದು ನಮಗೆ ನೆನಪಿರುತ್ತೆ. ಇವರಿಗೆ ಅದು ನೆನಪಿರಲ್ಲ, ಆ ತಪ್ಪೇ ಅಭ್ಯಾಸ ಆಗಿ ಕೂತ್ಕೊಳ್ಳುತ್ತೆ" ಎಂದಳು ಆಕೆ. ಅಷ್ಟರಲ್ಲಿ ನಾನು ಆಕೆಗೂ ಮಾಮ ಆಗಿದ್ದೆ.

ಮೊದಲ ವಾರ ಮೊಣಕೈ ಹಿಡಿದು ತಿರುಗಿಸುವುದು, ಎರಡನೆಯ ವಾರ ಬೆರಳು ತೋರಿಸುವುದು, ಆಮೇಲೆ ದೂರದಿಂದ ಒಂದು ಕೆಮ್ಮು. ಹೀಗೆ ನಮ್ಮ ಸಹಾಯವನ್ನು ಆಕೆ ಚೂರು ಚೂರೇ ಕತ್ತರಿಸುತ್ತಾ ಬಂದಳು. ಅತ್ತಿಗೆಗೆ ಇದೇ ದೊಡ್ಡ ಶಿಕ್ಷೆ. ಅವನು ಒಂದು ಗುಂಡಿ ಹಾಕುವಷ್ಟರಲ್ಲಿ ಇವರ ಕೈ ಉಳಿದ ನಾಲ್ಕನ್ನು ಹಾಕಿ ಮುಗಿಸಿರುತ್ತಿತ್ತು. ಕೊನೆಗೆ ಹುಡುಗಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, "ಕೈ ಕಟ್ಕೊಂಡು ಕೂತಿರಿ ಅಮ್ಮ. ಈಗ ನಿಮ್ಮ ಕೆಲಸ ಅದೇ" ಎಂದಳು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಅಷ್ಟು ಕಷ್ಟದ ಕೆಲಸವನ್ನು ತಾವು ಮಾಡಿರಲಿಲ್ಲ ಎಂದು ಅತ್ತಿಗೆ ನನ್ನ ಹತ್ತಿರ ಹೇಳಿಕೊಂಡರು.

ಅಭ್ಯಾಸವೆಲ್ಲ ತುಂಡು ತುಂಡಾಗಿ ನಡೆಯುತ್ತಿತ್ತು. ಒಂದು ದಿನ ಮಂಚದಿಂದ ಬಚ್ಚಲು, ಇನ್ನೊಂದು ದಿನ ಬಚ್ಚಲಿನಿಂದ ಕನ್ನಡಿ. ಐದನೆಯ ವಾರಕ್ಕೆ ಎಲ್ಲ ತುಂಡೂ ಬಂತು. ಆಪರೇಷನ್ನಿಗೆ ಮುಂಚಿನ ಭಾನುವಾರ ಮಗಳು ಪರೀಕ್ಷೆ ನೋಡಲು ಬರುವುದೆಂದಾಯಿತು. ಶನಿವಾರ ಒಮ್ಮೆ ಪೂರ್ತಿ ಓಡಿಸಿ ನೋಡಿ ಎಂದು ಹುಡುಗಿ ಹೇಳಿದ್ದಳು. ಬೇಡ ಎಂದವನು ನಾನು. ಇಪ್ಪತ್ತಾರು ವರ್ಷದ ಸರ್ವಿಸ್ಸಿನವನಿಗೆ ಎಂಥ ಟ್ರಯಲ್ಲು, ಅವನಿಗೇನು ಹೊಸ ರೂಟೇ ಎಂದು ಜಂಬ ಕೊಚ್ಚಿದೆ.

ಭಾನುವಾರ ಬೆಳಗ್ಗೆ ಆರೂವರೆಗೆ ಮಗಳು ಬಂದು ಕೂತಳು. ರಜೆಯಾದ್ದರಿಂದ ಥೆರಪಿ ಹುಡುಗಿ ಇರಲಿಲ್ಲ. ಅತ್ತಿಗೆ ಕೈ ಕಟ್ಟಿ ಕೂತಿದ್ದರು. ಮಂಚದಿಂದ ಎರಡು ವಿಷಲ್ ಕೇಳಿಸಿತು. ಮುಂದೆ ನೋಡಬೇಕಿತ್ತು ನೀವು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಟಾಯ್ಲೆಟ್ಟು, ಬೇಸಿನ್ನು, ಬಚ್ಚಲು, ಒಂದೇ ಒಂದು ಶರ್ಟು, ಗುಂಡಿ ಎಲ್ಲ ನೆಟ್ಟಗೆ, ಬೈತಲೆ ರೂಲುಕಡ್ಡಿ ಇಟ್ಟು ಎಳೆದ ಹಾಗೆ. ಮೇಜಿಗೆ ಬಂದು ಒಂದು ವಿಷಲ್ ಊದಿ, ಮಾತ್ರೆ ನುಂಗಿ, ಚಹಾ ಕುಡಿದ. ಮಗಳು ಕಣ್ಣೊರೆಸಿಕೊಂಡಳು. ಹೋಮಿನ ಹಾಸಿಗೆ ಬೇಡವೆಂದು ಈಗಲೇ ಹೇಳುತ್ತೇನೆ ಎಂದು ಫೋನ್ ಕೈಗೆತ್ತಿಕೊಂಡಳು.

ಎರಡು ವಿಷಲ್ ಕೇಳಿಸಿತು.

ಹೋಲ್ಡಾನ್ ಎದ್ದು ಕನ್ನಡಿಯ ಕಡೆ ನಡೆದ. ಅಲ್ಲಿ ಬೈತಲೆ ಕೆದರಿಕೊಂಡ. ಮುಂದಿನ ಸ್ಟಾಪಿನಲ್ಲಿ ಶರ್ಟು ಬಿಚ್ಚಿದ, ಟವೆಲ್ಲು ತೆಗೆದುಕೊಂಡ, ಬಚ್ಚಲಿಗೆ ಹೋಗಿ ಇನ್ನೊಂದು ಸ್ನಾನ ಮಾಡಿದ. ಬೇಸಿನ್ನು, ಟಾಯ್ಲೆಟ್ಟು, ಮಂಚ. ಮಂಚದ ಮೇಲೆ ಎರಡು ನಿಮಿಷ ಕೂತ. ಮತ್ತೆ ಎರಡು ವಿಷಲ್, ಮತ್ತೆ ಈ ಕಡೆಗೆ. ಹತ್ತು ಗಂಟೆಯೊಳಗೆ ನಾಲ್ಕು ಸ್ನಾನವಾಯಿತು. ತಾರಸಿಯ ಟ್ಯಾಂಕು ಖಾಲಿಯಾಗಿ ಇಸ್ತ್ರಿ ಅಂಗಡಿಯವನ ನಲ್ಲಿ ಕೆಮ್ಮತೊಡಗಿತು. ಹೋಲ್ಡಾನನ ಬೆರಳುಗಳು ಒಣದ್ರಾಕ್ಷಿಯಾದವು. ಇನ್ನೊಂದು ಟ್ರಿಪ್ಪು ಹೋಗಿದ್ದರೆ ಮನುಷ್ಯ ಪೂರ್ತಿ ಕರಗಿಬಿಡುತ್ತಿದ್ದ.

ಮಗಳು ತಡೆಯಲಾರದೆ ವಿಷಲ್ಲಿನ ದಾರಕ್ಕೆ ಕೈ ಹಾಕಿದಳು. ಅವನು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹಿಂದೆ ಸರಿದ. ಯಾವತ್ತೂ ದನಿಯೇರಿಸದವನು, "ಕೈ ತೆಗೀರಿ. ಡ್ಯೂಟಿ ಮೇಲಿದ್ದೀನಿ" ಎಂದ.

ಅವಳು ಫೋನನ್ನು ಚೀಲದೊಳಗಿಟ್ಟಳು. "ಮಾಮ, ಅಪ್ಪನಿಗೆ ಬೆಳಗ್ಗೆ ಶುರು ಮಾಡೋಕೆ ಬರುತ್ತೆ, ಮುಗಿಸೋಕೆ ಬರಲ್ಲ. ಹತ್ತು ದಿನ ಹೀಗೆ ನೆನೆದ್ರೆ ನೆಗಡಿಯಲ್ಲಿ ನಿಲ್ಲುತ್ತಾ? ಬುಧವಾರದ ತನಕ ಕಾಯ್ತೀನಿ, ಆಮೇಲೆ ನನ್ನನ್ನ ಬೈಬೇಡಿ" ಎಂದಳು. ಅತ್ತಿಗೆ ಕಟ್ಟಿದ ಕೈಯನ್ನು ಇನ್ನೂ ಬಿಚ್ಚಿರಲಿಲ್ಲ.

ಸೋಮವಾರ ಹುಡುಗಿ ಬಂದಾಗ ನಾನು ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ. ಗೋಡೆಯ ಎಂಟು ಫಲಕಗಳನ್ನೂ ಒಂದೊಂದಾಗಿ ನೋಡಿ, ಮೇಜೇ ಕೊನೆ ಎಂದು ಇಷ್ಟು ಚೆನ್ನಾಗಿ ಬರೆದಿದ್ದೇವಲ್ಲ, ಯಾಕೆ ನಿಲ್ಲುತ್ತಿಲ್ಲ ಎಂದಳು. ಹಿಂದಿನ ದಿನ ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇತ್ತು, ಡ್ಯೂಟಿ ಮೇಲಿದ್ದೀನಿ ಅಂದದ್ದು. ನನ್ನ ಹಣೆ ನಾನೇ ಚಚ್ಚಿಕೊಂಡೆ.

"ಕೊನೇ ಸ್ಟಾಪು ಅಂದ್ರೆ ಕೊನೆ ಅಲ್ಲಮ್ಮ, ಅದು ಗಾಡಿ ತಿರುಗಿಸೋ ಜಾಗ. ನಮಗೆ ಮುಗಿಯೋದು ಡಿಪೋದಲ್ಲಿ. ನಾವು ಇವನಿಗೆ ರೂಟ್ ಕೊಟ್ವಿ, ಡಿಪೋ ಕೊಡಲೇ ಇಲ್ಲ" ಎಂದೆ.

ಆ ಮಧ್ಯಾಹ್ನವೇ ಮೇಜಿನ ಮೇಲಿದ್ದ ಫಲಕ ಇಳಿದು 'ಡಿಪೋ' ಎಂಬ ಫಲಕ ಏರಿತು. ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದೆವು. ಅವನ ಹಳೇ ಚರ್ಮದ ಚೀಲ ಅತ್ತಿಗೆಯ ಹೊಲಿಗೆ ಸಾಮಾನು ತುಂಬಿಕೊಂಡು ಕೂತಿತ್ತು, ಅದನ್ನು ಖಾಲಿ ಮಾಡಿ ಮಂಚದ ಹತ್ತಿರ ಇಟ್ಟೆವು. ಮೇಜಿನ ಮೇಲೆ ಗೆರೆ ಹಾಕಿದ ಉದ್ದನೆಯ ರಿಜಿಸ್ಟರು: ತಾರೀಖು, ಕಂಡಕ್ಟರ ಸಹಿ, ಡ್ರೈವರ ಸಹಿ, ಕೊನೆಯಲ್ಲಿ ಷರಾ ಬರೆಯಲು ಅಗಲವಾದ ಜಾಗ. ತಾರೀಖನ್ನು ನಾನು ಮೊದಲೇ ಬರೆದಿಡಬೇಕು. ನಾನು ಕುರ್ಚಿಯಲ್ಲಿ ಅವನಿಗಿಂತ ಮುಂಚೆ ಕೂತಿರಬೇಕು, ಯಾಕೆಂದರೆ ಡಿಪೋದಲ್ಲಿ ಡ್ರೈವರು ಮೊದಲು ಇಳಿಯುತ್ತಾನೆ. ಭಾನುವಾರದ ತಪ್ಪು ಬೇರು ಬಿಡುವ ಮೊದಲೇ ಇದು ಕೂರಬೇಕೆಂದು ಹುಡುಗಿ ಅವಸರ ಮಾಡಿದಳು. ಸಂಜೆ ಬರೀ ಆ ತುಂಡನ್ನೇ ಹತ್ತು ಸಲ ಮಾಡಿಸಿದಳು.

ಮಂಗಳವಾರ ಬೆಳಗ್ಗೆ ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಬಚ್ಚಲಿನ ಹೊರಗೆ ಒಂದು ಕೊಕ್ಕೆಗೆ ತೂಗುಹಾಕಿ, ಸ್ನಾನ ಮುಗಿಸಿ, ಮತ್ತೆ ಹಾಕಿಕೊಂಡ. ಮೇಜಿಗೆ ಬಂದು ಮಾತ್ರೆ ನುಂಗಿ ಫಲಕ ನೋಡಿದ, ಮೊಳೆ ನೋಡಿದ. ಕೊರಳಿನ ವಿಷಲ್ ತೆಗೆದು ದಾರ ಸುತ್ತಿ ಚೀಲದೊಳಗಿಟ್ಟ. ಚೀಲವನ್ನು ಮೊಳೆಗೆ ಹಾಕಿದ. ಪೆನ್ನು ಹಿಡಿದು, ಹಿಂದಿನದ್ದೇ ಬಾಲ ಎಳೆದು ಸಹಿ ಮಾಡಿದ. ಆಮೇಲೆ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, ಇಪ್ಪತ್ತಾರು ವರ್ಷ ಪ್ರತಿ ಸಂಜೆ ಕೇಳುತ್ತಿದ್ದ ಅದೇ ಮಾತನ್ನು ಕೇಳಿದ: "ಗಾಡೀದು ಏನಾದ್ರೂ ಕಂಪ್ಲೇಂಟ್ ಇದ್ಯೇನೋ?"

ಇದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಡ್ರೈವರ ಸಹಿ ಹಾಕಿದೆ. "ಬ್ರೇಕು ಸ್ವಲ್ಪ ಸದ್ದು ಮಾಡುತ್ತೆ ಕಣೋ" ಎಂದೆ. "ಬೆಳಗ್ಗೆ ನೋಡೋಣ ಬಿಡು" ಎಂದು ಚಹಾದ ಲೋಟ ಎತ್ತಿಕೊಂಡ. ವಾಪಸ್ ಟ್ರಿಪ್ಪು ಹೊರಡಲಿಲ್ಲ.

ಬುಧವಾರ ಮಗಳು ರಜೆ ಹಾಕಿ ಬಂದಳು. ಎಲ್ಲ ಮುಗಿದ ಮೇಲೂ ನಂಬಿಕೆಯಾಗದೆ ಹನ್ನೊಂದು ಗಂಟೆಯ ತನಕ ಕಾದಳು. ಅವನು ಹಳೇ ಪೇಪರುಗಳನ್ನು ಮಡಚುತ್ತಾ ಕೂತೇ ಇದ್ದ. ಅವಳು ಹೊರಗೆ ಹೋಗಿ ಫೋನ್ ಮಾಡಿ, ಒಳಗೆ ಬಂದು ಅಮ್ಮನ ಬಟ್ಟೆಗಳನ್ನು ಆಸ್ಪತ್ರೆಯ ಚೀಲಕ್ಕೆ ತುಂಬತೊಡಗಿದಳು. ಅಷ್ಟರಿಂದಲೇ ನಮಗೆಲ್ಲ ಅರ್ಥವಾಯಿತು.

ಆ ಹತ್ತು ದಿನ ದೊಡ್ಡ ಸಾಹಸವೇನೂ ನಡೆಯಲಿಲ್ಲ. ನಾಲ್ಕನೆಯ ದಿನ ಟವೆಲ್ಲಿನ ಹತ್ತಿರ ನಿಂತೇಬಿಟ್ಟಾಗ ನಾನು ಕೆಮ್ಮಿದ ಕೆಮ್ಮಿಗೆ ಇಸ್ತ್ರಿ ಅಂಗಡಿಯವನು ಬಿಸಿನೀರು ತಂದುಕೊಟ್ಟ. ದಿನವೂ ಚಹಾ ಆದ ಮೇಲೆ ಅವನು ಬಾಗಿಲು ನೋಡುತ್ತಾ ಕೇಳುತ್ತಿದ್ದ, "ಅವಳೆಲ್ಲಿ?"

"ಮುಂದಿನ ಬಸ್ಸಿಗೆ ಬರ್ತಾರೆ."

"ಬಸ್ಸು ಲೇಟಾ?"

"ನಿನ್ನ ಬಸ್ಸು ಯಾವತ್ತಾದ್ರೂ ಟೈಮಿಗೆ ಬಂದಿತ್ತಾ?"

ಈ ಉತ್ತರ ಅವನಿಗೆ ಒಪ್ಪಿಗೆಯಾಗುತ್ತಿತ್ತು. ಅಷ್ಟೇ ಅಲ್ಲ, ನಗುತ್ತಲೂ ಇದ್ದ.

ಹನ್ನೊಂದನೆಯ ಬೆಳಗ್ಗೆ ಅವನು ಕನ್ನಡಿಯ ಸ್ಟಾಪಿನಲ್ಲಿದ್ದಾಗ ಹೊರಗೆ ಆಟೋ ನಿಂತಿತು. ಅತ್ತಿಗೆ ವಾಕರ್ ಹಿಡಿದು, ಮಗಳ ಕೈ ಹಿಡಿದು ಬಾಗಿಲಿಗೆ ಬಂದರು. ಬಾಗಿಲಿಗೆ ಎರಡು ಮೆಟ್ಟಿಲು. ಆ ಸದ್ದಿಗೆ ಹೋಲ್ಡಾನ್ ರೂಟು ಬಿಟ್ಟು ಬಾಗಿಲಿಗೆ ನಡೆದ. ತಡೆಯಲೆಂದು ಎದ್ದವನು ನಾನು ಅಲ್ಲೇ ನಿಂತೆ. ಅವನು ಮೆಟ್ಟಿಲ ಮೇಲಿನ ಕಾಲುಗಳನ್ನೇ ನೋಡುತ್ತಿದ್ದ.

ಒಂದು ವಿಷಲ್ ಊದಿದ. ಹೊರಡುತ್ತಿದ್ದ ಆಟೋದವನೂ ಬ್ರೇಕ್ ಒತ್ತಿದ, ಇದು ಮಾತ್ರ ನಾನು ಸೇರಿಸಿದ್ದಲ್ಲ.

"ಹೋಲ್ಡಾನ್. ಅಜ್ಜಿ ಹತ್ತಲಿ."

"ಯಾರ್ರೀ ಅಜ್ಜಿ?" ಎಂದರು ಅತ್ತಿಗೆ, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ.

"ನಿಧಾನ. ಎರಡನೇ ಕಾಲು ಇನ್ನೂ ಕೆಳಗಿದೆ. ಅವಸರ ಇಲ್ಲ, ಡ್ರೈವರು ನಮ್ಮೋನೇ."

ಅತ್ತಿಗೆ ಎರಡನೇ ಕಾಲನ್ನೂ ಎತ್ತಿ ಒಳಗಿಟ್ಟರು. ಬಾಗಿಲ ಹತ್ತಿರದ ಕುರ್ಚಿಯನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ, ಅವರು ಕೂತರು. ಮಗಳ ಕೈಯಲ್ಲಿದ್ದ ಕೈಚೀಲವನ್ನು ತೆಗೆದು ಅವರ ತೊಡೆಯ ಮೇಲಿಟ್ಟ. ಆಮೇಲೆ ಎರಡು ವಿಷಲ್. ಅವರ ಗುರುತು ಸಿಕ್ಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತಿಗೆ ಕೇಳಲಿಲ್ಲ, ಆ ಮನೆಯಲ್ಲಿ ಪ್ರಶ್ನೆ ನಿಷೇಧ.

ಅವನು ತಿರುಗಿ ಕನ್ನಡಿಗೆ ಹೋಗಿ ಬೈತಲೆ ಮುಗಿಸಿ ಡಿಪೋಗೆ ಬಂದ. ವಿಷಲ್ ಚೀಲದೊಳಗೆ ಹೋಯಿತು, ಚೀಲ ಮೊಳೆಗೆ ಹೋಯಿತು. ಸಹಿ ಮಾಡಿದ ಮೇಲೆ ಪೆನ್ನು ಇಡಲಿಲ್ಲ. ಹತ್ತು ದಿನವೂ ಖಾಲಿ ಬಿಟ್ಟಿದ್ದ ಷರಾದ ಜಾಗಕ್ಕೆ ಕೈ ಸರಿಸಿ, ನಿಧಾನವಾಗಿ, ಅಕ್ಷರ ಅಕ್ಷರವಾಗಿ ಬರೆದು ರಿಜಿಸ್ಟರನ್ನು ನನ್ನ ಕಡೆ ತಳ್ಳಿದ.

'ಹತ್ತು ನಿಮಿಷ ಲೇಟು. ಕಾರಣ, ವಯಸ್ಸಾದವರೊಬ್ಬರು ಹತ್ತುತ್ತಿದ್ದರು.'

ನಾನು ಓದಿ, ಕೆಳಗೆ ಡ್ರೈವರ ಸಹಿ ಹಾಕಿ, ಅತ್ತಿಗೆ ಓದಲೆಂದು ರಿಜಿಸ್ಟರನ್ನು ಅವರ ತೊಡೆಯ ಮೇಲಿಟ್ಟೆ.